ಕ್ಷುದ್ರಗ್ರಹಕ್ಕೆ ಬಾಲ ಬಂದಿದೆಯೇ? ಉಡುಪಿಯ ತಾರಸಿಯಿಂದ ಧೂಳು, ಮಂಜುಗಡ್ಡೆಯ ಸುಳಿವು ಹುಡುಕುವ ಬಗೆ

ಒಂದು ಡಿಸೆಂಬರ್ ರಾತ್ರಿ, ಪರ್ಕಳದ ನಮ್ಮ ಮನೆಯ ತಾರಸಿಯಲ್ಲಿ ಕೂತು ನಾನೊಂದು ದೊಡ್ಡ ಶೋಧ ಮಾಡಿದೆ. ಲ್ಯಾಪ್‌ಟಾಪ್ ಪರದೆಯಲ್ಲಿದ್ದ ಕ್ಷುದ್ರಗ್ರಹದ ಚುಕ್ಕೆಗೆ ಸುತ್ತಲೂ ಮೆತ್ತಗಿನ ಹೊಗೆಯಂಥ ವೃತ್ತ. ಧೂಮಕೇತುವಿನ ತಲೆಗೆ ಇರುತ್ತದಲ್ಲ, ಹಾಗೆಯೇ. ಕೈ ನಡುಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಗೆಳೆಯನಿಗೆ ಫೋನ್ ಮಾಡಿ ಎಬ್ಬಿಸಿದೆ. ನಿದ್ದೆಗಣ್ಣಲ್ಲಿ ಅವನು ಕೇಳಿದ್ದು ಒಂದೇ ಮಾತು: "ಪಕ್ಕದ ನಕ್ಷತ್ರ ಹೇಗುಂಟು ಮಾರಾಯ?"

ನೋಡಿದೆ. ಪಕ್ಕದ ನಕ್ಷತ್ರಕ್ಕೂ ಅದೇ ಹೊಗೆ. ಅದರ ಪಕ್ಕದ್ದಕ್ಕೂ ಅದೇ. ಟೆಲಿಸ್ಕೋಪಿನ ಸಣ್ಣ ಕನ್ನಡಿಯ ಮೇಲೆ ಇಬ್ಬನಿ ಕೂತಿತ್ತು, ಅಷ್ಟೇ.

ಈ ಕೆಲಸದ ಮುಕ್ಕಾಲು ಪಾಲು ಆ ಒಂದು ಪ್ರಶ್ನೆಯಲ್ಲೇ ಇದೆ. ಬಾಲ ಹುಡುಕುವುದು ಕಷ್ಟವಲ್ಲ. ಬಾಲದ ಹಾಗೆ ಕಾಣುವ ಉಳಿದೆಲ್ಲವನ್ನೂ ಒಂದೊಂದಾಗಿ ಕಳೆಯುವುದು ಕಷ್ಟ. ಎಂಟು ಇಂಚಿನ ಟೆಲಿಸ್ಕೋಪ್ ಇರುವವರಿಗೆ, ಟೆಲಿಸ್ಕೋಪೇ ಇಲ್ಲದವರಿಗೆ, ಇಬ್ಬರಿಗೂ ಆಗುವ ಹಾಗೆ ನಾನು ಮಾಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಮೊದಲು, ನಾವು ಹುಡುಕುತ್ತಿರುವುದು ಏನನ್ನು?

ಶಾಲೆಯಲ್ಲಿ ಕಲಿತದ್ದು ಹೀಗೆ: ಧೂಮಕೇತು ಅಂದರೆ ಮಂಜುಗಡ್ಡೆ, ಅದಕ್ಕೆ ಬಾಲ ಉಂಟು. ಕ್ಷುದ್ರಗ್ರಹ ಅಂದರೆ ಕಲ್ಲು, ಅದಕ್ಕೆ ಬಾಲ ಇಲ್ಲ. ಈ ಗೆರೆ ಅಳಿಸಲು ಶುರುವಾದದ್ದು 1996ರಲ್ಲಿ. 1979ರಲ್ಲಿ ಕ್ಷುದ್ರಗ್ರಹ ಎಂದು ದಾಖಲಾಗಿದ್ದ ಒಂದು ಕಾಯಕ್ಕೆ ಉದ್ದನೆಯ ತೆಳು ಬಾಲ ಇರುವುದನ್ನು ಚಿಲಿಯ ಲಾ ಸಿಲ್ಲಾ ವೀಕ್ಷಣಾಲಯದ ಚಿತ್ರಗಳಲ್ಲಿ ಎರಿಕ್ ಎಲ್ಸ್ಟ್ ಮತ್ತು ಗೀಡೊ ಪಿಸಾರೊ ಕಂಡರು. ಅದು ಸುತ್ತುತ್ತಿದ್ದದ್ದು ಮಂಗಳ, ಗುರುಗಳ ನಡುವಿನ ಪಟ್ಟಿಯಲ್ಲೇ. ಈಗ ಅದಕ್ಕೆ 133ಪಿ/ಎಲ್ಸ್ಟ್-ಪಿಸಾರೊ ಎಂದು ಧೂಮಕೇತುವಿನ ಹೆಸರೂ ಇದೆ, 7968 ಎಂಬ ಕ್ಷುದ್ರಗ್ರಹದ ಸಂಖ್ಯೆಯೂ ಇದೆ. ಒಬ್ಬನಿಗೇ ಎರಡು ರೇಷನ್ ಕಾರ್ಡ್ ಇದ್ದ ಹಾಗೆ. 2006ರಲ್ಲಿ ಹೆನ್ರಿ ಶೇ ಮತ್ತು ಡೇವಿಡ್ ಜ್ಯೂಯಿಟ್ ಇಂಥವು ಮೂರು ಸೇರಿದಾಗ ಇದೊಂದು ಬೇರೆಯೇ ಗುಂಪು ಎಂದು ತೋರಿಸಿದರು. ಇವತ್ತಿಗೂ ಹತ್ತು ಲಕ್ಷಕ್ಕಿಂತ ಜಾಸ್ತಿ ಕ್ಷುದ್ರಗ್ರಹಗಳಲ್ಲಿ ಹೀಗೆ ಧೂಳು ಉಗುಳುವುದು ಕಂಡಿರುವುದು ಕೆಲವು ಡಜನ್ ಮಾತ್ರ.

ಧೂಳು ಏಳಲು ಕಾರಣ ಒಂದೇ ಅಲ್ಲ. ಮೇಲಿನ ಮಣ್ಣಿನ ಪದರದ ಕೆಳಗೆ ಹೂತಿರುವ ಮಂಜುಗಡ್ಡೆ ಸೂರ್ಯನ ಬಿಸಿಗೆ ನೇರವಾಗಿ ಆವಿಯಾಗಿ, ಹೋಗುವಾಗ ಧೂಳನ್ನೂ ಎತ್ತಿಕೊಂಡು ಹೋಗಬಹುದು. 133ಪಿ ಮಾಡುವುದು ಇದನ್ನೇ ಎಂದು ನಂಬಲು ಕಾರಣ ಇದೆ. ಅದು 5.6 ವರ್ಷಕ್ಕೊಮ್ಮೆ ಸೂರ್ಯನ ಹತ್ತಿರ ಬಂದಾಗಲೆಲ್ಲ ಬಾಲ ತೋರಿಸಿದೆ. ಇನ್ನೊಂದು ಕಾರಣ ಡಿಕ್ಕಿ. 2010ರ ಡಿಸೆಂಬರ್‌ನಲ್ಲಿ 596 ಶೀಲಾ ಎಂಬ ನೂರಕ್ಕೂ ಹೆಚ್ಚು ಕಿಲೋಮೀಟರ್ ಅಗಲದ ಕ್ಷುದ್ರಗ್ರಹ ಇದ್ದಕ್ಕಿದ್ದಂತೆ ಸುಮಾರು ಒಂದು ಮ್ಯಾಗ್ನಿಟ್ಯೂಡ್ ಹೆಚ್ಚು ಬೆಳಗಿತು. (ಮ್ಯಾಗ್ನಿಟ್ಯೂಡ್ ಅಂದರೆ ಬೆಳಕಿನ ಅಳತೆ. ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಜಾಸ್ತಿ, ಒಂದು ಇಳಿದರೆ ಸುಮಾರು ಎರಡೂವರೆ ಪಟ್ಟು.) ಕೆಲವು ಹತ್ತು ಮೀಟರ್ ಗಾತ್ರದ ಕಲ್ಲೊಂದು ಬಡಿದದ್ದು ಕಾರಣ ಎಂದು ಲೆಕ್ಕ ಹಾಕಿದರು. ಕೆಲವೇ ವಾರಗಳಲ್ಲಿ ಎಲ್ಲ ಚದುರಿ ಹೋಯಿತು. ಮೂರನೆಯದು ಗಿರಗಿರ ತಿರುಗುವುದು. ಬಿಸಿಲಿನ ಸಣ್ಣ ತಳ್ಳಾಟದಿಂದ ಲಕ್ಷಾಂತರ ವರ್ಷಗಳಲ್ಲಿ ಸುತ್ತುವ ವೇಗ ಏರುತ್ತಾ ಹೋಗಿ, ಕೊನೆಗೆ ಮೈಮೇಲಿನ ಮಣ್ಣು ಜಾರತೊಡಗುತ್ತದೆ. 311ಪಿ/ಪ್ಯಾನ್‌ಸ್ಟಾರ್ಸ್‌ಗೆ 2013ರಲ್ಲಿ ಹಬಲ್ ಕಂಡ ಆರು ಬಾಲಗಳಿಗೆ ಇದೇ ಕಾರಣ ಇರಬೇಕು.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ನಮ್ಮ ಟೆಲಿಸ್ಕೋಪಿಗೆ ಕಾಣುವುದು ಧೂಳು ಮಾತ್ರ, ಅದೂ ಅದರಿಂದ ಮರಳಿ ಬರುವ ಬಿಸಿಲು. ಮಂಜುಗಡ್ಡೆ ನೇರವಾಗಿ ಕಾಣುವುದಿಲ್ಲ. 2010ರಲ್ಲಿ 24 ಥೆಮಿಸ್ ಮೇಲೆ ಮಂಜುಗಡ್ಡೆಯ ಗುರುತು ಸಿಕ್ಕಿದ್ದು 3.1 ಮೈಕ್ರಾನ್ ಅವಕೆಂಪು ಬೆಳಕಿನಲ್ಲಿ, ಹವಾಯಿಯ ಮೌನಾ ಕಿಯಾ ಶಿಖರದಿಂದ. ಗಾಳಿಯ ತೇವಾಂಶ ಆ ಬೆಳಕನ್ನು ನುಂಗುತ್ತದೆ, ಹಾಗಾಗಿ ಅಷ್ಟು ಎತ್ತರ ಬೇಕಾಯಿತು. ಉಡುಪಿಯ ಗಾಳಿಯಲ್ಲಿ ಅದರ ಆಸೆ ಬೇಡ. ಆ ಪಟ್ಟಿಯ ಅತಿ ದೊಡ್ಡ ಕಾಯವಾದ ಸಿರಿಸ್‌ನ ನೀರಾವಿಯನ್ನು ಕಂಡದ್ದು ಹರ್ಷೆಲ್ ಬಾಹ್ಯಾಕಾಶ ಟೆಲಿಸ್ಕೋಪ್. ಆ ಸುದ್ದಿ ಬಂದದ್ದು 2014ರಲ್ಲಿ. 238ಪಿ/ರೀಡ್ ಸುತ್ತ ನೀರಾವಿ ಸಿಕ್ಕ ಸುದ್ದಿ ಬಂದದ್ದು 2023ರಲ್ಲಿ, ಅದು ಜೇಮ್ಸ್ ವೆಬ್‌ನಿಂದ. ನಾವು ಮಾಡಬಹುದಾದದ್ದು ಧೂಳು ಯಾವಾಗ ಬಂತು, ಎಷ್ಟು ದಿನ ಇತ್ತು, ಮುಂದಿನ ಸುತ್ತಿನಲ್ಲಿ ಮತ್ತೆ ಬಂತಾ ಎಂದು ಬರೆದಿಡುವುದು. ಮಂಜುಗಡ್ಡೆಯ ವಿಷಯ ಆ ಕ್ಯಾಲೆಂಡರೇ ಹೇಳುತ್ತದೆ.

ಹೆಜ್ಜೆ 1: ಜಾಗ ಮತ್ತು ಕಾಲ

ಕರಾವಳಿಯವರಿಗೆ ಒಂದು ಲಾಭ ಇದೆ, ಅದನ್ನು ಯಾರೂ ಹೇಳುವುದಿಲ್ಲ. ನಾವಿರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕ್ಷುದ್ರಗ್ರಹಗಳು ಹೆಚ್ಚಾಗಿ ರಾಶಿಚಕ್ರದ ಪಟ್ಟಿಯಲ್ಲೇ ಓಡಾಡುತ್ತವೆ. ಡಿಸೆಂಬರ್, ಜನವರಿಯಲ್ಲಿ ವೃಷಭ, ಮಿಥುನದಲ್ಲಿರುವವು ನಡುರಾತ್ರಿ ಹೊತ್ತಿಗೆ ಹೆಚ್ಚುಕಡಿಮೆ ನೆತ್ತಿಯ ಮೇಲೆ ಬರುತ್ತವೆ. ನೆತ್ತಿಯ ಮೇಲೆ ಅಂದರೆ ಕಡಿಮೆ ಗಾಳಿ, ಕಡಿಮೆ ತೇವ, ಚುಕ್ಕೆ ಚಿಕ್ಕದು.

ಆದರೆ ವೃಷಭ, ಮಿಥುನದ ಹಿಂದೆ ಆಕಾಶಗಂಗೆ ಹರಿಯುತ್ತದೆ. ನಕ್ಷತ್ರಗಳ ಜಾತ್ರೆ. ಕ್ಷುದ್ರಗ್ರಹ ಒಂದಲ್ಲ ಒಂದು ನಕ್ಷತ್ರದ ಮೇಲೆ ಹತ್ತಿ ಹೋಗುತ್ತಲೇ ಇರುತ್ತದೆ. ನನ್ನನ್ನು ಕೇಳಿದರೆ ಫೆಬ್ರವರಿ, ಮಾರ್ಚ್‌ನ ಸಿಂಹ, ಕನ್ಯಾ ರಾಶಿಗಳೇ ವಾಸಿ. ಹಿನ್ನೆಲೆ ಖಾಲಿ. ಅಷ್ಟರಲ್ಲಿ ಸೆಕೆ ಶುರುವಾಗಿ ಆಕಾಶ ಸ್ವಲ್ಪ ಮಬ್ಬಾಗಿರುತ್ತದೆ, ನಿಜ. ಎರಡರಲ್ಲಿ ಒಂದನ್ನು ಆರಿಸಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಾತೇ ಬೇಡ.

ಪಶ್ಚಿಮಕ್ಕೆ ಸಮುದ್ರ ಇದೆ, ಅಲ್ಲಿ ಕತ್ತಲು ಎಂದು ಮಲ್ಪೆಗೋ ಕಾಪುವಿಗೋ ಹೋಗಬೇಡಿ. ಮೀನುಗಾರಿಕೆ ದೋಣಿಗಳ ದೀಪ ಒಂದು ಕಡೆ, ಕನ್ನಡಿಗೆ ಮೆತ್ತುವ ಉಪ್ಪು ಇನ್ನೊಂದು ಕಡೆ. ಮಂಗಳೂರಿನವರು ಮೂಡುಬಿದಿರೆ, ಬೆಳ್ತಂಗಡಿ ಕಡೆಗೆ, ಉಡುಪಿಯವರು ಹೆಬ್ರಿ, ಕಾರ್ಕಳ ಕಡೆಗೆ ಸ್ವಲ್ಪ ಒಳಗೆ ಹೋದರೆ ಸಾಕು. ಆಗುಂಬೆಯ ನೆತ್ತಿಗೆ ಹತ್ತುವುದು ಬೇಡ, ಮಂಜು ಬಂದು ಕೂರುತ್ತದೆ. ನಾನು ಹೋಗುವುದು ಹೆಬ್ರಿ ಹತ್ತಿರ ಆ ಗೆಳೆಯನ ಅಡಿಕೆ ತೋಟದ ಮನೆಗೆ. ಅಡಿಕೆ ಒಣಗಿಸುವ ಅಂಗಳ ದೊಡ್ಡದು, ಸುತ್ತ ಬಯಲು. ಹೋಗುವ ಮೊದಲು ಆ ಊರಲ್ಲಿ ಅವತ್ತು ಕಂಬಳವೋ ಯಕ್ಷಗಾನವೋ ಉಂಟಾ ಎಂದು ವಿಚಾರಿಸಿ. ಇದು ತಮಾಷೆಯಲ್ಲ. ನಮ್ಮ ಒಳ್ಳೆಯ ಆಕಾಶದ ತಿಂಗಳುಗಳೂ ಫ್ಲಡ್‌ಲೈಟಿನ ತಿಂಗಳುಗಳೂ ಒಂದೇ.

ಸಂಜೆಯ ಕಡಲ ಗಾಳಿ ತೇವ ತರುತ್ತದೆ. ರಾತ್ರಿ ಕಳೆದಂತೆ ಗಾಳಿ ತಿರುಗಿ ಘಟ್ಟದ ಕಡೆಯಿಂದ ಬೀಸುತ್ತದೆ. ಚುಕ್ಕೆಗಳು ಹೆಚ್ಚು ಗಟ್ಟಿಯಾಗಿ ನಿಲ್ಲುವುದು ಆಮೇಲೆಯೇ ಎಂಬುದು ನನ್ನ ಅನುಭವ.

ಹೆಜ್ಜೆ 2: ಸಾಮಾನು

ನನ್ನದು 200 ಮಿ.ಮೀ. ಕನ್ನಡಿಯ, 1000 ಮಿ.ಮೀ. ಫೋಕಲ್ ಉದ್ದದ ನ್ಯೂಟೋನಿಯನ್, ಅಂದರೆ ಕನ್ನಡಿಯಿಂದ ಬೆಳಕು ಸೇರಿಸುವ ಟೆಲಿಸ್ಕೋಪ್. ಆಕಾಶದ ಜೊತೆ ತಿರುಗುವ ಈಕ್ವಟೋರಿಯಲ್ ಮೌಂಟ್ ಬೇಕೇ ಬೇಕು. ಕ್ಯಾಮೆರಾ ಕಪ್ಪುಬಿಳುಪಿನದು, ತಂಪು ಮಾಡುವ ವ್ಯವಸ್ಥೆ ಇರುವ ಸಿಮೋಸ್ (CMOS) ಸೆನ್ಸರ್‌ನದು. ಬಣ್ಣದ ಕ್ಯಾಮೆರಾ ಆಗುವುದಿಲ್ಲ ಎಂದಲ್ಲ, ಆದರೆ ಬೆಳಕು ಅಳೆಯಲು ಕಿರಿಕಿರಿ ಜಾಸ್ತಿ.

ಒಂದು ಪಿಕ್ಸೆಲ್ ಆಕಾಶದಲ್ಲಿ ಎಷ್ಟು ಅಗಲ ಎಂದು ಮೊದಲು ಲೆಕ್ಕ ಹಾಕಿ. ಪಿಕ್ಸೆಲ್ ಗಾತ್ರವನ್ನು ಮೈಕ್ರಾನ್‌ನಲ್ಲಿ ತೆಗೆದುಕೊಂಡು 206ರಿಂದ ಗುಣಿಸಿ, ಫೋಕಲ್ ಉದ್ದದ ಮಿಲಿಮೀಟರಿನಿಂದ ಭಾಗಿಸಿ. ನನ್ನದರಲ್ಲಿ 3.76 ಗುಣಿಸು 206, ಭಾಗಿಸು 1000, ಅಂದರೆ ಸುಮಾರು 0.78 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು ಒಂದು ಆರ್ಕ್‌ಸೆಕೆಂಡ್). ಇಲ್ಲಿನ ಗಾಳಿಯಲ್ಲಿ ನಕ್ಷತ್ರದ ಚುಕ್ಕೆ ಸುಮಾರು 3 ಆರ್ಕ್‌ಸೆಕೆಂಡ್ ಅಗಲ ಬರುತ್ತದೆ, ಅಂದರೆ ನಾಲ್ಕು ಪಿಕ್ಸೆಲ್. ಇದು ಸರಿಯಾದ ಅಳತೆ. ಚುಕ್ಕೆ ಒಂದೂವರೆ ಪಿಕ್ಸೆಲ್‌ಗೆ ಇಳಿದರೆ ಅದರ ಆಕಾರ ನೋಡುವ ಹಾಗೇ ಇಲ್ಲ.

ಇಬ್ಬನಿಯ ಕತೆ ಮೇಲೆ ಹೇಳಿದೆ. ಕೊಳವೆಯ ಬಾಯಿಗೆ ಕಪ್ಪು ಫೋಮ್ ಶೀಟಿನ ಉದ್ದನೆಯ ಮುಂಡಾಸು ಸುತ್ತಿ, ಸಣ್ಣ ಕನ್ನಡಿಯ ಹಿಂದೆ ಬೆಚ್ಚಗೆ ಮಾಡುವ ಡ್ಯೂ ಹೀಟರ್ ಕಟ್ಟಿ. ಪ್ರತಿ ಅರ್ಧ ಗಂಟೆಗೊಮ್ಮೆ ಟಾರ್ಚ್ ಹಾಕಿ ಕನ್ನಡಿ ನೋಡಿ. ಮಳೆಗಾಲದಲ್ಲಿ ಲೆನ್ಸ್, ಕ್ಯಾಮೆರಾಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ, ಆಮೇಲೆ ನೋಡಿದ ಎಲ್ಲದಕ್ಕೂ ಕೋಮಾ, ಅಂದರೆ ಧೂಮಕೇತುವಿನ ತಲೆಯ ಸುತ್ತ ಇರುವಂಥ ಮಬ್ಬು.

ಹೆಜ್ಜೆ 3: ಯಾವುದನ್ನು ನೋಡಬೇಕು

ಮೊದಲು 29ಪಿ/ಶ್ವಾಸ್‌ಮನ್-ವಾಕ್‌ಮನ್ ನೋಡಿ ಕಲಿಯಿರಿ. ಇದು ಗುರುಗ್ರಹಕ್ಕಿಂತ ಆಚೆ ಸುತ್ತುವ ಕಾಯ, ವರ್ಷದಲ್ಲಿ ಹಲವು ಸಲ ಇದ್ದಕ್ಕಿದ್ದಂತೆ ಸಿಡಿದು ಬೆಳಗುತ್ತದೆ. ಸಿಡಿದ ದಿನ ನಕ್ಷತ್ರದಂಥ ಚುಕ್ಕೆ, ನಂತರದ ದಿನಗಳಲ್ಲಿ ಹಿಗ್ಗುತ್ತಾ ಹೋಗುವ ಮಬ್ಬು. ನಿಜವಾದ ಕೋಮಾ ನಿಮ್ಮ ಕ್ಯಾಮೆರಾದಲ್ಲಿ ಹೇಗೆ ಕಾಣುತ್ತದೆ ಎಂದು ಇದು ಕಲಿಸುತ್ತದೆ. ಜೊತೆಗೆ 14ನೇ ಮ್ಯಾಗ್ನಿಟ್ಯೂಡ್ ಆಸುಪಾಸಿನ ಯಾವುದಾದರೂ ಸಾಧು ಕ್ಷುದ್ರಗ್ರಹವನ್ನೂ ತೆಗೆಯಿರಿ. ಅದರಲ್ಲಿ ಏನೂ ಕಾಣಬಾರದು. ಕಂಡರೆ ತಪ್ಪು ನಿಮ್ಮ ಕಡೆಯದು.

ಆಮೇಲೆ ನಿಜವಾದ ಬೇಟೆ. ಹಿಂದೆ ಒಮ್ಮೆ ಧೂಳು ಎಬ್ಬಿಸಿದವುಗಳ ಪಟ್ಟಿ ಮಾಡಿ. ಅವುಗಳಲ್ಲಿ ಸೂರ್ಯನಿಗೆ ಅತಿ ಹತ್ತಿರದ ಬಿಂದುವಿಗೆ, ಅಂದರೆ ಪುರರವಿಗೆ, ಈ ವರ್ಷ ಬರುವವು ಯಾವುವು ಎಂದು ನೋಡಿ. ಮಂಜುಗಡ್ಡೆಯ ಗುಂಪು ಹೆಚ್ಚಾಗಿ ಪುರರವಿಯ ಹೊತ್ತಿಗೆ ಮತ್ತು ಅದಾಗಿ ಕೆಲವು ತಿಂಗಳು ಚುರುಕಾಗಿರುತ್ತದೆ. ಬಿಸಿ ಮಣ್ಣಿನ ಕೆಳಗೆ ಇಳಿಯಲು ಹೊತ್ತು ಬೇಕಲ್ಲ. ಇವುಗಳಲ್ಲಿ ಬಹಳಷ್ಟು 18ನೇ ಮ್ಯಾಗ್ನಿಟ್ಯೂಡಿಗಿಂತ ಮಂಕು, ಎಂಟು ಇಂಚಿಗೆ ಎಟುಕುವುದಿಲ್ಲ. ಬೇಸರ ಬೇಡ. ಡಿಕ್ಕಿ ಮತ್ತು ಗಿರಗಿರದ ಗುಂಪು ಎಲ್ಲಿ, ಯಾವಾಗ ಬೇಕಾದರೂ ಏಳಬಹುದು. ಶೀಲಾ ಆ ದಿನ ಸಣ್ಣ ಟೆಲಿಸ್ಕೋಪಿಗೂ ಸಿಗುವಷ್ಟು ಬೆಳಗಿತ್ತು. ಹಾಗಾಗಿ 13ರಿಂದ 16ರ ನಡುವಿನ ಹತ್ತಿಪ್ಪತ್ತು ಕ್ಷುದ್ರಗ್ರಹಗಳ ಬೆಳಕನ್ನು ತಿಂಗಳಿಗೊಮ್ಮೆ ಸುಮ್ನೆ ಅಳೆದಿಡುವುದೂ ಒಳ್ಳೆಯ ಕೆಲಸ.

ನಾಸಾದ ಜೆಪಿಎಲ್ ಹೊರೈಜನ್ಸ್ ಜಾಲತಾಣದಲ್ಲಿ ನಿಮ್ಮ ಜಾಗದ ಅಕ್ಷಾಂಶ, ರೇಖಾಂಶ ಕೊಟ್ಟು ಆ ರಾತ್ರಿಯ ಪಟ್ಟಿ ತೆಗೆಯಿರಿ. ಅದರಲ್ಲಿ ಆರಿಸಬೇಕಾದ ಕಾಲಂಗಳಿಗೆ ಸಂಖ್ಯೆ ಇವೆ: ಚಲನೆಯ ವೇಗಕ್ಕೆ 3, ನಿರೀಕ್ಷಿತ ಬೆಳಕಿಗೆ 9, ಸೂರ್ಯನಿಂದ ದೂರಕ್ಕೆ 19, ಭೂಮಿಯಿಂದ ದೂರಕ್ಕೆ 20, ಸೂರ್ಯ-ಕ್ಷುದ್ರಗ್ರಹ-ಭೂಮಿಯ ಕೋನಕ್ಕೆ 24. ಇನ್ನು 27 ಮತ್ತು 28 ಇವೆಯಲ್ಲ, ಅವು ಚಿನ್ನ. 27ರಲ್ಲಿ ಎರಡು ದಿಕ್ಕು ಬರುತ್ತವೆ. ಒಂದು ಸೂರ್ಯನಿಗೆ ಬೆನ್ನು ಹಾಕಿದ ದಿಕ್ಕು, ಇನ್ನೊಂದು ಕ್ಷುದ್ರಗ್ರಹ ಬಂದ ದಾರಿಯ ದಿಕ್ಕು. 28 ಹೇಳುವುದು ಭೂಮಿ ಆ ಕಕ್ಷೆಯ ಸಮತಲದಿಂದ ಎಷ್ಟು ಡಿಗ್ರಿ ಮೇಲಿದೆ, ಕೆಳಗಿದೆ ಎಂದು. ಅದು ಸೊನ್ನೆಗೆ ಹತ್ತಿರವಾದ ದಿನಗಳನ್ನು ಬಿಡಬೇಡಿ. ಕಕ್ಷೆಯಲ್ಲಿ ಹರಡಿದ ಧೂಳನ್ನೆಲ್ಲ ನಾವು ಅಂಚಿನಿಂದ ನೋಡುತ್ತೇವೆ. ಚಾಪೆಯನ್ನು ಬದಿಯಿಂದ ನೋಡಿದ ಹಾಗೆ ಅದು ಒಂದೇ ಗೆರೆಯಾಗಿ, ಹೆಚ್ಚು ಗಾಢವಾಗಿ ಕಾಣುತ್ತದೆ.

ಹೆಜ್ಜೆ 4: ಚಿತ್ರ ತೆಗೆಯುವುದು

ಆಕಾಶದಲ್ಲಿ ಸೂರ್ಯನಿಗೆ ಎದುರು ದಿಕ್ಕಿಗೆ ಬಂದ, ಮಂಗಳ-ಗುರು ನಡುವಿನ ಪಟ್ಟಿಯ ಕ್ಷುದ್ರಗ್ರಹ ನಿಮಿಷಕ್ಕೆ ಸುಮಾರು 0.6 ಆರ್ಕ್‌ಸೆಕೆಂಡ್ ಸರಿಯುತ್ತದೆ. ಚುಕ್ಕೆಯ ಅಗಲ 3 ಇರುವಾಗ 60 ಸೆಕೆಂಡಿನ ಎಕ್ಸ್‌ಪೋಶರ್‌ನಲ್ಲಿ ಅದು ಉದ್ದವಾಗುವುದು ಗೊತ್ತಾಗುವುದಿಲ್ಲ. ಅಂಥವು 60 ತೆಗೆಯಿರಿ. ಅರವತ್ತನ್ನು ಸೇರಿಸಿದಾಗ ಸಂಕೇತಕ್ಕೆ ಹೋಲಿಸಿದರೆ ಗದ್ದಲ ಏಳೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿಯೇ ತಗ್ಗುತ್ತದೆ. ಮ್ಯಾಗ್ನಿಟ್ಯೂಡ್ ಲೆಕ್ಕದಲ್ಲಿ ಎರಡಕ್ಕಿಂತ ಹೆಚ್ಚು ಆಳಕ್ಕೆ ಹೋದಂತೆ.

ಕ್ಷುದ್ರಗ್ರಹ ಚಿತ್ರದ ನಡುವೆಯೇ ಇರಲಿ. ನ್ಯೂಟೋನಿಯನ್‌ಗೆ ಅಂಚಿನಲ್ಲಿ ಚುಕ್ಕೆಗಳನ್ನು ಬಾಲದಂತೆ ಎಳೆಯುವ ದೋಷ ಇದೆ. ಆ ದೋಷದ ಹೆಸರೂ ಕೋಮಾ! ಎಷ್ಟು ಜನರನ್ನು ಇದು ಹಳ್ಳಕ್ಕೆ ಕೆಡವಿದೆಯೋ.

ಪ್ರತಿ ಹತ್ತು ಚಿತ್ರಕ್ಕೊಮ್ಮೆ ಟೆಲಿಸ್ಕೋಪನ್ನು ಕೆಲವು ಪಿಕ್ಸೆಲ್ ಅತ್ತಿತ್ತ ಸರಿಸಿ. ಕ್ಯಾಮೆರಾದ ಸ್ವಂತ ಗದ್ದಲ ಕಳೆಯಲು ಬೆಳಕು ಮುಚ್ಚಿ ತೆಗೆಯುವ ಡಾರ್ಕ್, ಬಯಾಸ್ ಚಿತ್ರಗಳನ್ನು ತೆಗೆದಿಡಿ. ಸಂಜೆಯ ಆಕಾಶದಲ್ಲಿ ಫ್ಲಾಟ್ (ಒಂದೇ ಸಮನೆ ಬೆಳಗಿದ ಖಾಲಿ ಆಕಾಶದ ಚಿತ್ರ) ತೆಗೆಯುವುದನ್ನು ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಸೆನ್ಸರ್ ಮೇಲಿನ ಒಂದು ಧೂಳಿನ ಕಣ ಅಲ್ಲಿ ಮಬ್ಬು ಉಂಗುರ ಹಾಕುತ್ತದೆ. ಕೋಟ್ಯಂತರ ಕಿಲೋಮೀಟರ್ ದೂರದ ಧೂಳು ಹುಡುಕಲು ಹೋಗಿ ಮನೆಯ ಧೂಳು ಹಿಡಿಯುವುದು ಬೇಡ.

ಸಮಯ ಇನ್ನೊಂದು ಬಲೆ. ಲ್ಯಾಪ್‌ಟಾಪ್ ಗಡಿಯಾರವನ್ನು ಇಂಟರ್ನೆಟ್ ಸಮಯಕ್ಕೆ ಹೊಂದಿಸಿ, ಎಲ್ಲವನ್ನೂ ವಿಶ್ವ ಸಮಯದಲ್ಲಿ ಬರೆಯಿರಿ. ನಮ್ಮ ಐದೂವರೆ ಗಂಟೆ ಕಳೆಯಲು ಮರೆತರೆ ಕ್ಷುದ್ರಗ್ರಹ ಇರಬೇಕಾದ ಜಾಗದಿಂದ ಮೂರು ಆರ್ಕ್‌ಮಿನಿಟ್‌ಗಿಂತ ಆಚೆ ಇರುತ್ತದೆ. ಹನ್ನೊಂದನೇ ತಾರೀಕಿನ ರಾತ್ರಿ ಎರಡು ಗಂಟೆ ಅಂದರೆ ವಿಶ್ವ ಸಮಯದಲ್ಲಿ ಹತ್ತನೇ ತಾರೀಕಿನ 20:30. ನಾನು ಈ ತಪ್ಪನ್ನು ಎರಡು ಸಲ ಮಾಡಿದ್ದೇನೆ.

ಹೆಜ್ಜೆ 5: ಎರಡು ರೀತಿಯಲ್ಲಿ ಸ್ಟ್ಯಾಕ್ ಮಾಡುವುದು (ಚಿತ್ರಗಳನ್ನು ಒಂದರ ಮೇಲೊಂದು ಸೇರಿಸುವುದು)

ಇಲ್ಲಿ ನಿಧಾನಕ್ಕೆ ಹೋಗೋಣ. ಇಡೀ ಕೆಲಸದ ತಿರುಳು ಇದು.

ಆಸ್ಟ್ರೊಮೆಟ್ರಿಕಾ ಅಥವಾ ಟೈಕೋ ಟ್ರ್ಯಾಕರ್‌ನಂಥ ತಂತ್ರಾಂಶದಲ್ಲಿ ಅದೇ ಅರವತ್ತು ಚಿತ್ರಗಳನ್ನು ಎರಡು ಸಲ ಸೇರಿಸಿ. ಒಮ್ಮೆ ನಕ್ಷತ್ರಗಳನ್ನು ಒಂದರ ಮೇಲೊಂದು ಕೂರಿಸಿ. ಇನ್ನೊಮ್ಮೆ ಕ್ಷುದ್ರಗ್ರಹದ ವೇಗ, ದಿಕ್ಕು ಕೊಟ್ಟು ಅದನ್ನೇ ನಿಲ್ಲಿಸಿ. ಎರಡನೆಯದರಲ್ಲಿ ನಕ್ಷತ್ರಗಳು ಗೆರೆಗಳಾಗುತ್ತವೆ. ಒಂದು ಗಂಟೆಗೆ ಸುಮಾರು 36 ಆರ್ಕ್‌ಸೆಕೆಂಡ್ ಉದ್ದದ ಗೆರೆ. ಸರಾಸರಿಯ ಬದಲು ಮೀಡಿಯನ್ (ಸಾಲಿನ ನಡುವಿನ ಬೆಲೆ) ಆರಿಸಿದರೆ ಗೆರೆಗಳು ಬಹಳಷ್ಟು ಮಾಯವಾಗುತ್ತವೆ.

ಈಗ ಹೋಲಿಕೆ. ಕ್ಷುದ್ರಗ್ರಹದ ಚುಕ್ಕೆಯನ್ನು ಎರಡನೇ ಸ್ಟ್ಯಾಕಿನಿಂದ ತೆಗೆದುಕೊಳ್ಳಿ. ಅಷ್ಟೇ ಬೆಳಕಿನ ನಾಲ್ಕೈದು ನಕ್ಷತ್ರಗಳನ್ನು ಮೊದಲನೇ ಸ್ಟ್ಯಾಕಿನಿಂದ ತೆಗೆದುಕೊಳ್ಳಿ. ಎರಡಕ್ಕೂ ಬಳಸಿದ ಚಿತ್ರಗಳು ಅವೇ ಆಗಿರಬೇಕು, ಒಂದೂ ಹೆಚ್ಚುಕಡಿಮೆ ಆಗಬಾರದು. ಗಾಳಿಯ ಅಲುಗಾಟ, ಇಬ್ಬನಿ, ಫೋಕಸ್ ತಪ್ಪು, ಎಲ್ಲವೂ ಎರಡು ಕಡೆಗೂ ಒಂದೇ ರೀತಿ ಸೇರಿರುತ್ತವೆ. ಹಾಗಿದ್ದೂ ಕ್ಷುದ್ರಗ್ರಹ ಮಾತ್ರ ಅಗಲವಾಗಿದ್ದರೆ ಆಗ ಎದ್ದು ಕೂರಬಹುದು.

ಅಗಲವನ್ನು ಕಣ್ಣಂದಾಜಿನಲ್ಲಿ ಹೇಳಬೇಡಿ. ಪರದೆಯ ಕಾಂಟ್ರಾಸ್ಟ್ ಎಳೆದರೆ ಯಾವುದಕ್ಕೆ ಬೇಕಾದರೂ ಬಾಲ ಬರುತ್ತದೆ. ಹೀಗೆ ಮಾಡಿ: ನಕ್ಷತ್ರದ ಬೆಳಕನ್ನು 4 ಆರ್ಕ್‌ಸೆಕೆಂಡ್ ತ್ರಿಜ್ಯದ ವೃತ್ತದಲ್ಲಿ ಅಳೆಯಿರಿ. ನಂತರ 8, ನಂತರ 12. ವೃತ್ತ ದೊಡ್ಡದಾದಂತೆ ಬೆಳಕು ಸ್ವಲ್ಪ ಏರಿ ನಿಂತುಬಿಡುತ್ತದೆ. 4ರಿಂದ 12ಕ್ಕೆ ಹೋದಾಗ ನಕ್ಷತ್ರ 0.2 ಮ್ಯಾಗ್ನಿಟ್ಯೂಡ್ ಏರಿತು ಎಂದಿಟ್ಟುಕೊಳ್ಳಿ. ಕ್ಷುದ್ರಗ್ರಹವೂ 0.2 ಏರಿದರೆ ಅದು ಬರೀ ಕಲ್ಲು. 0.6 ಏರಿದರೆ ಸುತ್ತ ಏನೋ ಇದೆ. ಒಂದೇ ಸಮನೆ ಧೂಳು ಬಿಡುವ ಕೋಮಾದಲ್ಲಿ ವೃತ್ತದ ತ್ರಿಜ್ಯ ಹೆಚ್ಚಿದಷ್ಟೇ ಒಳಗಿನ ಧೂಳಿನ ಬೆಳಕೂ ಹೆಚ್ಚುತ್ತಾ ಹೋಗುತ್ತದೆ. ನಕ್ಷತ್ರದ ಹಾಗೆ ನಿಲ್ಲುವುದಿಲ್ಲ.

ಹೆಜ್ಜೆ 6: ಬೆಳಕಿನ ಲೆಕ್ಕ

ಬಾಲ ಕಾಣದಿದ್ದರೂ ಧೂಳು ಇರಬಹುದು, ಚುಕ್ಕೆಯ ಒಳಗೇ ಅಡಗಿ. ಆಗ ಕ್ಷುದ್ರಗ್ರಹ ಇರಬೇಕಾದದ್ದಕ್ಕಿಂತ ಹೆಚ್ಚು ಬೆಳಗುತ್ತದೆ.

ಪ್ರತಿ ಕ್ಷುದ್ರಗ್ರಹಕ್ಕೂ "ಎಚ್" ಎಂಬ ಒಂದು ಸಂಖ್ಯೆ ಇದೆ. ಸೂರ್ಯನಿಂದಲೂ ಭೂಮಿಯಿಂದಲೂ ಒಂದೊಂದು ಖಗೋಳಮಾನ (ಸೂರ್ಯನಿಂದ ಭೂಮಿಗಿರುವ ಸರಾಸರಿ ದೂರ) ದೂರದಲ್ಲಿ, ಪೂರ್ತಿ ಮುಖ ಬೆಳಗಿಸಿಕೊಂಡು ನಿಂತರೆ ಕಾಣುವ ಬೆಳಕು ಅದು. ಎಚ್ 13.0 ಇರುವ ಒಂದು ಕ್ಷುದ್ರಗ್ರಹ ಸೂರ್ಯನಿಂದ 2.5, ನಮ್ಮಿಂದ 1.6 ಖಗೋಳಮಾನ ದೂರದಲ್ಲಿದೆ ಎನ್ನಿ. ಎರಡನ್ನೂ ಗುಣಿಸಿದರೆ 4. ಅದರ ಲಾಗರಿತಮ್ 0.602, ಅದನ್ನು 5ರಿಂದ ಗುಣಿಸಿದರೆ 3.0. ಆಗ ಸೂರ್ಯ-ಕ್ಷುದ್ರಗ್ರಹ-ಭೂಮಿ ಕೋನ ಸುಮಾರು 12.5 ಡಿಗ್ರಿ, ಅದಕ್ಕೆ ಸಾಮಾನ್ಯ ಸೂತ್ರದಲ್ಲಿ 0.75 ಕಳೆಗುಂದುತ್ತದೆ. ಒಟ್ಟು 16.8. ಇದು ನಿರೀಕ್ಷೆ. ನೀವು ಅಳೆದದ್ದು 16.0 ಬಂದರೆ 0.8 ಹೆಚ್ಚು ಬೆಳಕು, ಅಂದರೆ ಎರಡು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಕಲ್ಲಿನಷ್ಟೇ ಬೆಳಕನ್ನು ಧೂಳೂ ಕಳಿಸುತ್ತಿದೆ ಎಂದರ್ಥ.

ಆದರೆ 0.2, 0.3ಕ್ಕೆಲ್ಲ ಹಾರಾಡಬೇಡಿ. ಪಟ್ಟಿಯಲ್ಲಿರುವ ಎಚ್ ಸಂಖ್ಯೆಯೇ ಅಷ್ಟು ತಪ್ಪಿರುವುದುಂಟು. ಆಲೂಗಡ್ಡೆಯಂಥ ಆಕಾರದ ಕಲ್ಲು ತಿರುಗುವಾಗ ಬೆಳಕು ಅಷ್ಟು ಏರಿಳಿಯುವುದೂ ಉಂಟು. ಹಾಗಾಗಿ ಒಂದು ರಾತ್ರಿ ಕೆಲವು ಗಂಟೆ ಬಿಡದೆ ಅಳೆಯಿರಿ. ಏರಿ ಇಳಿದರೆ ಅದು ತಿರುಗಾಟ. ಏರಿದ್ದು ಹಾಗೇ ನಿಂತಿದ್ದರೆ ಮುಂದಿನ ಹೆಜ್ಜೆ. ಇನ್ನೊಂದು, ಕೋನ ಸೊನ್ನೆಗೆ ಹತ್ತಿರವಾದ ದಿನಗಳಲ್ಲಿ ಕ್ಷುದ್ರಗ್ರಹಗಳು ತಾವಾಗಿಯೇ ಒಮ್ಮೆ ಮಿನುಗಿ ಏರುತ್ತವೆ. ನೆರಳುಗಳು ಅಡಗುವುದು ಅದಕ್ಕೆ ಒಂದು ಕಾರಣ. ಆ ದಿನಗಳ ಅಳತೆ ನಂಬಬೇಡಿ.

ಹೆಜ್ಜೆ 7: ಬಾಲಕ್ಕೆ ಪಾಟೀಸವಾಲು

ಬಾಲ ಕಂಡಿತು. ನಕ್ಷತ್ರಗಳಿಗೆ ಇಲ್ಲ, ಇದಕ್ಕೆ ಮಾತ್ರ ಇದೆ. ಈಗ ಅದರ ದಿಕ್ಕನ್ನು ಉತ್ತರದಿಂದ ಪೂರ್ವದ ಕಡೆಗೆ ಡಿಗ್ರಿಯಲ್ಲಿ ಅಳೆದು ಹೊರೈಜನ್ಸ್‌ನ 27ರ ಜೊತೆ ಇಟ್ಟು ನೋಡಿ. ಸಣ್ಣ, ಹೊಸ ಧೂಳನ್ನು ಬಿಸಿಲು ತಳ್ಳುತ್ತದೆ, ಅದು ಸೂರ್ಯನಿಗೆ ಬೆನ್ನು ಹಾಕಿದ ದಿಕ್ಕಿನಲ್ಲಿ ಹೋಗುತ್ತದೆ. ದಪ್ಪ, ಹಳೆಯ ಧೂಳು ಬಂದ ದಾರಿಯಲ್ಲೇ ಹಿಂದೆ ಉಳಿಯುತ್ತದೆ. ಸಾಮಾನ್ಯವಾಗಿ ಬಾಲ ಈ ಎರಡರ ನಡುವೆ ಎಲ್ಲಾದರೂ ಇರಬೇಕು. ಬೇರೆ ಕಡೆ ತಿರುಗಿದ್ದರೆ ನೂರಕ್ಕೆ ತೊಂಬತ್ತು ಅದು ಮಂಕು ಗೆಲಕ್ಸಿ, ಅಥವಾ ಪಕ್ಕದ ದೊಡ್ಡ ನಕ್ಷತ್ರದ ಪ್ರತಿಫಲನ.

ನನ್ನ ಎರಡನೇ "ಶೋಧ" ಮುಗಿದದ್ದು ಹೀಗೆಯೇ. ಚೆಂದದ ಸಣ್ಣ ಬಾಲ. ಮರುದಿನ ಅದೇ ಜಾಗ ತೆಗೆದರೆ ಕ್ಷುದ್ರಗ್ರಹ ಮುಂದೆ ಹೋಗಿತ್ತು, ಬಾಲ ಅಲ್ಲೇ ಇತ್ತು! ಎರಡನೇ ರಾತ್ರಿಯ ಚಿತ್ರ ಇಲ್ಲದೆ ಬಾಯಿ ಬಿಡಬೇಡಿ ಎನ್ನುವುದು ಅದಕ್ಕೇ. ಸಾಧ್ಯವಾದರೆ ಆ ಜಾಗದ ಹಳೆಯ ಸರ್ವೇ ಚಿತ್ರವನ್ನೂ ಪಕ್ಕದಲ್ಲಿಟ್ಟು ನೋಡಿ.

ಇಷ್ಟೆಲ್ಲ ದಾಟಿದರೆ ವಾರಕ್ಕೆರಡು ಸಲ ನೋಡುತ್ತಾ ಹೋಗಿ, ಕಾರಣ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಒಮ್ಮೆಲೇ ಏರಿ ದಿನದಿನಕ್ಕೆ ಇಳಿಯುತ್ತಿದ್ದರೆ ಡಿಕ್ಕಿಯ ಕಡೆಗೆ ವಾಲುತ್ತದೆ. ಒಟ್ಟಿಗೆ ಹೊರಟ ಧೂಳು ಒಂದೇ ನೇರ ಗೆರೆಯಲ್ಲಿ ನಿಂತು ದಿನ ಕಳೆದಂತೆ ದಿಕ್ಕು ಬದಲಿಸುತ್ತದೆ. ತಿಂಗಳುಗಟ್ಟಲೆ ತಲೆಯ ಹತ್ತಿರ ಹೊಸ ಧೂಳು ಬರುತ್ತಲೇ ಇದ್ದು, ಪುರರವಿಯೂ ಹತ್ತಿರದಲ್ಲಿದ್ದರೆ ಮಂಜುಗಡ್ಡೆಯ ಅನುಮಾನ ಬಲವಾಗುತ್ತದೆ. ಬಿಟ್ಟು ಬಿಟ್ಟು ಬೇರೆ ಬೇರೆ ಕೋನದ ತೆಳು ಬಾಲಗಳು ಬಂದರೆ ಗಿರಗಿರ. 6478 ಗಾಲ್ಟ್‌ಗೆ 2019ರ ಆರಂಭದಲ್ಲಿ ಎರಡು ಬಾಲ ಕಂಡವು. ಅದರ ಒಂದು ಸುತ್ತಿಗೆ ಎರಡೂವರೆ ಗಂಟೆಯೂ ಬೇಡ ಎಂದು ಆಮೇಲೆ ಅಳೆದವರು ಹೇಳುತ್ತಾರೆ. ಹೆಚ್ಚುಕಡಿಮೆ ಚೂರಾಗುವ ಅಂಚಿನ ವೇಗ ಅದು.

ಕೆಲವು ಸಲ ವರ್ಷಗಟ್ಟಲೆ ನಂಬಿದ ಕಾರಣವೂ ತಿರುಗಿಬೀಳುತ್ತದೆ. 3200 ಫೇಥಾನ್ ಸೂರ್ಯನಿಗೆ 0.14 ಖಗೋಳಮಾನದಷ್ಟು ಹತ್ತಿರ ಹೋದಾಗ ಬೆಳಗಿ ತೋರಿಸುವ ಬಾಲ ಧೂಳಿನದು ಎಂದೇ ಅಂದುಕೊಂಡಿದ್ದರು. 2023ರಲ್ಲಿ ಬಂದ ಅಧ್ಯಯನ ಅದು ಸೋಡಿಯಂ ಅನಿಲ ಎಂದಿತು.

ಹೆಜ್ಜೆ 8: ಯಾರಿಗೆ ಹೇಳುವುದು

ಜಗತ್ತಿನ ಕ್ಷುದ್ರಗ್ರಹಗಳ ಅಳತೆಗಳನ್ನೆಲ್ಲ ಸೇರಿಸಿಡುವ ಮೈನರ್ ಪ್ಲಾನೆಟ್ ಸೆಂಟರ್‌ಗೆ ಅಳತೆ ಕಳಿಸಲು ನಿಮ್ಮ ಜಾಗಕ್ಕೆ ಒಂದು ವೀಕ್ಷಣಾಲಯ ಕೋಡ್ ಬೇಕು. ಗೊತ್ತಿರುವ ಕೆಲವು ಕ್ಷುದ್ರಗ್ರಹಗಳ ಸ್ಥಾನವನ್ನು ಒಂದಕ್ಕಿಂತ ಹೆಚ್ಚು ರಾತ್ರಿ ನಿಖರವಾಗಿ ಅಳೆದು ಕಳಿಸಿದರೆ ಕೊಡುತ್ತಾರೆ. ತಾರಸಿಗೂ ಕೊಡುತ್ತಾರೆ. ಇದನ್ನು ಮೊದಲೇ ಮಾಡಿಟ್ಟುಕೊಳ್ಳಿ, ಬಾಲ ಕಂಡ ದಿನ ಅರ್ಜಿ ಬರೆಯುತ್ತಾ ಕೂರುವುದಲ್ಲ.

ಬಾಲ ಕಂಡಾಗ ಮೊದಲು ಬೇರೆ ಟೆಲಿಸ್ಕೋಪ್ ಇರುವ ಇನ್ನೊಬ್ಬರಿಂದ ಅದೇ ವಾರ ಚಿತ್ರ ತೆಗೆಸಿ. ಉಡುಪಿಯಲ್ಲಿ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ವೀಕ್ಷಕರ ಸಂಘ ಇದೆ, ಮಂಗಳೂರಿನ ಕಡೆಯವರು ಪಿಲಿಕುಳದ ಸ್ವಾಮಿ ವಿವೇಕಾನಂದ ತಾರಾಲಯದಲ್ಲಿ ವಿಚಾರಿಸಬಹುದು. ಬರೆಯುವಾಗ ಸಮಯ, ಎಕ್ಸ್‌ಪೋಶರ್, ಬಾಲದ ಉದ್ದ ಮತ್ತು ದಿಕ್ಕು, ಆ ರಾತ್ರಿಯ ನಕ್ಷತ್ರದ ಅಗಲ, ಅಳತೆಯ ವೃತ್ತದ ಗಾತ್ರ ಕೊಡಿ. "ಸ್ಪಷ್ಟವಾಗಿ ಕಾಣುತ್ತದೆ" ಎಂದು ಬರೆದರೆ ಯಾರೂ ಓದುವುದಿಲ್ಲ.

ಏನೂ ಕಾಣದ ರಾತ್ರಿಯನ್ನೂ ಬರೆದಿಡಿ. "ಈ ದಿನ, ಇಷ್ಟು ಮ್ಯಾಗ್ನಿಟ್ಯೂಡ್‌ವರೆಗೆ ಬಾಲ ಇರಲಿಲ್ಲ" ಎನ್ನುವ ಸಾಲು, ಮುಂದೆ ಅಲ್ಲಿ ಡಿಕ್ಕಿಯಾದರೆ ಅದು ಯಾವ ದಿನದ ನಂತರ ಎಂದು ಹೇಳಲು ಬೇಕಾಗುತ್ತದೆ.

ಟೆಲಿಸ್ಕೋಪ್ ಇಲ್ಲದವರಿಗೆ, ಮತ್ತು ಮಳೆಗಾಲಕ್ಕೆ

ಗಾಲ್ಟ್‌ನ ಬಾಲ ಸುದ್ದಿಯಾದ ಮೇಲೆ ಹಳೆಯ ಚಿತ್ರಗಳನ್ನು ಕೆದಕಿದರು. 2013ರ ಚಿತ್ರದಲ್ಲೇ ಅದು ಧೂಳು ಬಿಡುತ್ತಿತ್ತು, ಯಾರೂ ನೋಡಿರಲಿಲ್ಲ. ಇಂಥವು ಇನ್ನೆಷ್ಟು ಇವೆಯೋ ಎಂದು 2021ರ ಆಗಸ್ಟ್ ಕೊನೆಗೆ, ಜನಸಾಮಾನ್ಯರು ವಿಜ್ಞಾನದ ಕೆಲಸಕ್ಕೆ ಕೈಜೋಡಿಸುವ ಝೂನಿವರ್ಸ್ ಜಾಲತಾಣದಲ್ಲಿ "ಆ್ಯಕ್ಟಿವ್ ಆಸ್ಟರಾಯ್ಡ್ಸ್" ಯೋಜನೆ ಶುರುವಾಯಿತು. ಚಿಲಿಯ ನಾಲ್ಕು ಮೀಟರ್ ಟೆಲಿಸ್ಕೋಪಿನ ಡಾರ್ಕ್ ಎನರ್ಜಿ ಕ್ಯಾಮೆರಾದ ಚಿತ್ರಗಳನ್ನು ಒಂದೊಂದಾಗಿ ತೋರಿಸಿ, ನಡುವಿನ ಚುಕ್ಕೆಗೆ ಬಾಲ ಇದೆಯೇ ಎಂದು ಕೇಳುತ್ತಾರೆ. ಜನಸಾಮಾನ್ಯರು ನೋಡಿ ಹೇಳಿದ್ದರಿಂದ ಹೊಸ ಸಕ್ರಿಯ ಕ್ಷುದ್ರಗ್ರಹಗಳು ಸಿಕ್ಕಿವೆ. ಸ್ವಂತವಾಗಿ ಕೆದಕುವುದಾದರೆ ಕೆನಡಾದ ಖಗೋಳ ದತ್ತಾಂಶ ಕೇಂದ್ರದ ಹುಡುಕಾಟ ಪುಟದಲ್ಲಿ ಕ್ಷುದ್ರಗ್ರಹದ ಹೆಸರು ಕೊಡಿ. ಯಾವ ದೊಡ್ಡ ಟೆಲಿಸ್ಕೋಪಿನ ಯಾವ ಚಿತ್ರದಲ್ಲಿ ಅದು ಬಂದಿರಬಹುದು ಎಂದು ಪಟ್ಟಿ ಕೊಡುತ್ತದೆ. ಮೇಲಿನ ಐದರಿಂದ ಏಳರವರೆಗಿನ ಹೆಜ್ಜೆಗಳೆಲ್ಲ ಆ ಚಿತ್ರಗಳಿಗೂ ಅನ್ವಯಿಸುತ್ತವೆ, ಪಕ್ಕದ ನಕ್ಷತ್ರದ ಪ್ರಶ್ನೆಯೂ ಸೇರಿ.

ನಾನು ಮೇ ಕೊನೆಗೆ ಕನ್ನಡಿ ಬಿಚ್ಚಿ ಡಬ್ಬಿಗೆ ಹಾಕುತ್ತೇನೆ. ಮೊದಲ ಮಳೆ ಬಿದ್ದು ಕರೆಂಟ್ ಹೋಗುವ ಮೊದಲೇ ಹಳೆಯ ಚಿತ್ರಗಳನ್ನು ಲ್ಯಾಪ್‌ಟಾಪಿಗೆ ಇಳಿಸಿಟ್ಟುಕೊಳ್ಳಬೇಕು. ಈ ಸಲದ ಪಟ್ಟಿಯಲ್ಲಿ ಹನ್ನೆರಡು ಹೆಸರು ಇವೆ.